ಕೂರಲು ಬರುವ ಡ್ರೆಸ್ಸು

ಮದುವೆ ನಿಶ್ಚಯವಾದ ವಾರವೇ ಅಡಿಕೋಲು ಮನೆಯವರನ್ನೆಲ್ಲ ನಡುಮನೆಯಲ್ಲಿ ಕೂರಿಸಿ, ಮದುವೆಯ ಡ್ರೆಸ್ಸಿನ ಬಗ್ಗೆ ಒಂದು ಸಣ್ಣ ಭಾಷಣ ಮಾಡಿದಳು.

ಮನೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದೇ ಅಡಿಕೋಲು ಅಂತ. ಚಿಕ್ಕವಳಿದ್ದಾಗ ಅಪ್ಪ ಒಂದು ಹೊಸ ಬೀರು ಕೊಂಡು ತಂದರೆ, "ಬಾಗಿಲಲ್ಲಿ ಹಿಡಿಸುತ್ತಾ ಅಂತ ನೋಡಿದ್ಯಾಪ್ಪ?" ಎಂದು ಕೇಳಿದ್ದಳು. ನೋಡಿರಲಿಲ್ಲ. ಹಿಡಿಸಲೂ ಇಲ್ಲ. ಅವತ್ತು ಸೋದರತ್ತೆ ಇಟ್ಟ ಹೆಸರು ಹಾಗೇ ಅಂಟಿಕೊಂಡಿತು. ಈಗ ಅವಳಿಗೆ ಮೂವತ್ತು ದಾಟಿ, ಒಂದು ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎಕ್ಸ್‌ರೇ ತೆಗೆಯುತ್ತಾಳೆ. ದಿನವಿಡೀ ಜನರ ಪಕ್ಕೆಲುಬು, ಬೆನ್ನುಮೂಳೆ ನೋಡುವವಳಿಗೆ ಹೊರಗಿನ ಬಟ್ಟೆಬರೆಯ ಮೇಲೆ ಮೋಹ ಕಡಿಮೆ. "ಒಳಗೆ ಎಲ್ರೂ ಒಂದೇ ತರ ಬೆಳ್ಳಗಿರ್ತಾರೆ" ಅನ್ನುವುದು ಅವಳ ಮೆಚ್ಚಿನ ಮಾತು. ಮಾತು ಚೆನ್ನಾಗಿದೆ ಅಂತ ಅವಳಿಗೂ ಗೊತ್ತಿತ್ತು; ಅದಕ್ಕೇ ಆಗಾಗ ಹೇಳುತ್ತಿದ್ದಳು.

"ನೋಡಿ, ನಂಗೆ ಡ್ರೆಸ್ ಬಗ್ಗೆ ದೊಡ್ಡ ಆಸೆ ಏನಿಲ್ಲ" ಎಂದು ಭಾಷಣ ಶುರುವಾಯಿತು. "ಹಾಕ್ಕೊಂಡು ಕೂರೋಕಾಗ್ಬೇಕು. ಊಟ ಮಾಡೋಕಾಗ್ಬೇಕು. ಎರಡು ಕೈನೂ ತಲೆ ಮೇಲೆ ಎತ್ತೋಕಾಗ್ಬೇಕು. ಯಾರ ಸಹಾಯಾನೂ ಇಲ್ಲದೆ ಬಾತ್‌ರೂಮಿಗೆ ಹೋಗಿ ಬರೋಕಾಗ್ಬೇಕು. ಅಷ್ಟೇ."

ಅಪ್ಪ ಪೇಪರಿನ ಹಿಂದಿನಿಂದಲೇ ತಲೆಯಾಡಿಸಿದರು. ಅವರಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಅವರ ಎಲ್ಲ ಪ್ಯಾಂಟುಗಳೂ ಈ ಪರೀಕ್ಷೆಯಲ್ಲಿ ಪಾಸಾಗುವಂಥವೇ. ಅಮ್ಮ ಒಗೆದ ಬಟ್ಟೆ ಮಡಿಸುತ್ತಲೇ ಕೇಳಿಸಿಕೊಂಡರು. ಆದರೆ ಸೋದರತ್ತೆ ಸುಮ್ಮನಿರುವ ಪೈಕಿಯಲ್ಲ. ಆಕೆ ಪಿಸುಗುಟ್ಟಿದರೆ ಮೂರನೇ ಮನೆಯವರು "ಏನು?" ಅಂತ ಕೇಳುತ್ತಿದ್ದರು. ಅಡಿಕೋಲು ತನ್ನ ಹೆಸರಿನ ಸೇಡು ತೀರಿಸಿಕೊಳ್ಳಲು ಇಟ್ಟ ಹೆಸರು ಮೈಕ್ ಅತ್ತೆ, ಬಾಯಲ್ಲಿ ಮೈಕತ್ತೆ.

"ಕೂರೋಕೆ ಜಾಗ, ಊಟಕ್ಕೆ ಅನುಕೂಲ, ಕೈ ಮೇಲೆತ್ತಿ ಸಾಮಾನಿಡೋಕೆ, ಕೊನೇಲಿ ಬಾತ್‌ರೂಮು" ಎಂದರು ಮೈಕತ್ತೆ. "ನಿಂಗೆ ಬೇಕಾಗಿರೋದು ಮದುವೆ ಡ್ರೆಸ್ಸಲ್ಲ ಕಣೇ, ರೈಲು ಬೋಗಿ."

"ಅತ್ತೆ, ಒಂದು ದಿನ ಹಾಕೋ ಬಟ್ಟೆಗೆ ಇಷ್ಟೆಲ್ಲ ಯಾಕೆ?"

"ಒಂದು ದಿನವೇ ಹಾಕೋದು ಅಂತಾನೇ ಇಷ್ಟೆಲ್ಲ! ದಿನಾ ಹಾಕೋದಾದ್ರೆ ಗೋಣಿಚೀಲ ಹಾಕ್ಕೋ, ಯಾರು ಬೇಡ ಅಂದ್ರು?"

ಅಡಿಕೋಲು ಸೋಲಲಿಲ್ಲ. ಆಸ್ಪತ್ರೆಯ ಕ್ಯಾಂಟೀನಿನಲ್ಲೂ ಅವಳು ಇದೇ ಭಾಷಣ ಮಾಡಿದಳು; ಅಲ್ಲಿ ಕೇಳುವವರು ಹೆಚ್ಚಿದ್ದುದರಿಂದ ಭಾಷಣವೂ ಉದ್ದವಾಯಿತು. ನರ್ಸುಗಳು ಟೀ ಲೋಟ ಹಿಡಿದು ಸುತ್ತ ನಿಂತರು. ಮದುವೆಯ ಹುಚ್ಚು, ಡ್ರೆಸ್ಸಿನ ವ್ಯಾಪಾರ, ಹೆಣ್ಣುಮಕ್ಕಳನ್ನು ಗೊಂಬೆ ಮಾಡುವ ಕನ್ನಡಿ, ಎಲ್ಲದರ ಮೇಲೂ ಅವಳು ಒಂದೊಂದು ಮಾತು ಹೇಳಿದಳು. ಕೊನೆಗೆ ಚಪ್ಪಾಳೆ ಬೀಳುವ ಜಾಗ ನೋಡಿ, "ಮದುವೆ ದಿನ ಯಾರಾದ್ರೂ ಬಂದು, 'ಅಯ್ಯೋ, ದೇವತೆ ತರ ಕಾಣ್ತಿದ್ದೀಯ' ಅಂದ್ರೆ ಊಟ ಹಾಕದೇ ಕಳಿಸ್ತೀನಿ" ಎಂದಳು. ಚಪ್ಪಾಳೆ ಬಿತ್ತು. ಸಂಜೆ ಅದನ್ನೇ ಮೈಕತ್ತೆಗೂ ಹೇಳಿದಳು, ಅಂದರೆ ಬಳಗಕ್ಕೆಲ್ಲ ಹೇಳಿದ ಹಾಗೆ.

ಮದುಮಗ ಒಂದು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಕೈ ಮುರಿದುಕೊಂಡ ಶಿಷ್ಯನೊಬ್ಬನನ್ನು ಎಕ್ಸ್‌ರೇಗೆ ಕರೆತಂದಾಗ ಪರಿಚಯವಾದದ್ದು. ಶಿಷ್ಯ ಕಾರಿನಲ್ಲಿ ಕೈ ಮುರಿದುಕೊಂಡಿರಲಿಲ್ಲ, ಲೈಸೆನ್ಸ್ ಸಿಕ್ಕ ಖುಷಿಯಲ್ಲಿ ಮೆಟ್ಟಿಲಿಂದ ಹಾರಿದ್ದ. ಇದನ್ನು ಮೇಷ್ಟ್ರು ಅವಳಿಗೆ ಮೂರು ಸಲ ಸ್ಪಷ್ಟಪಡಿಸಿದ್ದ. ಇಂಥ ಎಚ್ಚರದ ಮನುಷ್ಯ ಡ್ರೆಸ್ಸಿನ ವಿಷಯಕ್ಕೆ ಬಾಯಿ ಹಾಕುವುದುಂಟೇ? "ನಿಮಗೆ ಯಾವ್ದು ಸರಿ ಕಾಣುತ್ತೋ ಅದು" ಎಂದು ಹೇಳಿ ಆ ತಿರುವನ್ನು ಕ್ಷೇಮವಾಗಿ ದಾಟಿದ್ದ.

ಭಾನುವಾರ ಬೆಳಗ್ಗೆ ಅಡಿಕೋಲು, ಅಮ್ಮ, ಮೈಕತ್ತೆ ಮೂವರೂ ಮದುವೆ ಉಡುಪಿನ ಶೋರೂಮಿಗೆ ಹೋದರು. ಕೆಳಗೆ ಟೈರ್ ಅಂಗಡಿ, ಮೇಲಿನ ಮಹಡಿಯಲ್ಲಿ ಶೋರೂಮು. ಮೆಟ್ಟಿಲಿನ ಅರ್ಧದವರೆಗೆ ರಬ್ಬರಿನ ವಾಸನೆ, ಅಲ್ಲಿಂದ ಮೇಲಕ್ಕೆ ಸೆಂಟಿನ ವಾಸನೆ. ಒಳಗೆ ಮೆತ್ತನೆಯ ಬೂದು ಕಾರ್ಪೆಟ್ಟು, ಗೋಡೆಯುದ್ದಕ್ಕೂ ಪ್ಲಾಸ್ಟಿಕ್ ಚೀಲದೊಳಗೆ ನೇತುಬಿದ್ದ ಡ್ರೆಸ್ಸುಗಳು, ನಡುವೆ ದುಂಡನೆಯ ಒಂದು ಜಗಲಿ, ಅದರ ಮೂರು ಕಡೆಗೂ ಆಳೆತ್ತರದ ಕನ್ನಡಿ. ಕುತ್ತಿಗೆಗೆ ಅಳತೆಪಟ್ಟಿ ಹಾಕಿಕೊಂಡ ಒಡತಿ ಬಾಗಿಲಿಗೇ ಬಂದು ಅಡಿಕೋಲಿನ ಎರಡೂ ಕೈ ಹಿಡಿದುಕೊಂಡಳು.

"ಬಾ ಚಿನ್ನ. ನಿನ್ನ ಕನಸಿನ ಡ್ರೆಸ್ ಹೇಗಿದೆ ಹೇಳು."

"ನಂಗೆ ಡ್ರೆಸ್ ಕನಸು ಬೀಳಲ್ಲ" ಎಂದಳು ಅಡಿಕೋಲು. "ಬಸ್ ತಪ್ಪಿಹೋಗೋ ಕನಸು ಬೀಳುತ್ತೆ."

ಒಡತಿ ಇಂಥವರನ್ನು ಬೇಕಾದಷ್ಟು ಕಂಡಿದ್ದಳು. ನಗುತ್ತಾ ಒಂದು ಡ್ರೆಸ್ ತೆಗೆದಳು. ಅಲ್ಲಿ ಪ್ರತಿ ಡ್ರೆಸ್ಸಿಗೂ ಒಂದು ಹೆಸರಿತ್ತು, ಹುಟ್ಟಿದ ಮಕ್ಕಳಿಗೆ ಇಟ್ಟ ಹಾಗೆ. ಇದು 'ಮೊದಲ ಮುಂಜಾವು'. ಅದರ ಪಕ್ಕದ್ದು 'ಮಂಜಿನ ಮೌನ'. ಬೆನ್ನಿಗೆ ಬಟ್ಟೆಯೇ ಇಲ್ಲದ ಇನ್ನೊಂದು 'ಆತ್ಮವಿಶ್ವಾಸ'.

"ಇದು ಡ್ರೆಸ್ಸಲ್ಲ ಚಿನ್ನ, ಒಂದು ಅನುಭವ."

"ಅನುಭವಕ್ಕೆ ಜೇಬಿದೆಯಾ?"

ಜೇಬಿರಲಿಲ್ಲ. ಅಳತೆ ತೆಗೆದು ಒಡತಿ ತಂದ ಡ್ರೆಸ್ಸುಗಳು ಅವಳ ಮೈಗಿಂತ ಎರಡು ಸೈಜು ಕಡಿಮೆಯಿದ್ದವು. ಅಡಿಕೋಲು ಕೇಳಿದಾಗ ಒಡತಿ, "ಮದುವೆ ಹೊತ್ತಿಗೆ ಇಳೀತೀಯ ಬಿಡು, ಎಲ್ರೂ ಇಳೀತಾರೆ" ಎಂದಳು.

"ನಾನು ಇಳಿಯಲ್ಲ."

"ಟೆನ್ಶನ್ನಿಗೇ ಇಳೀತಾರೆ, ಚಿನ್ನ."

"ಟೆನ್ಶನ್ ಆದ್ರೆ ನಾನು ಬಿಸ್ಕತ್ತು ತಿಂತೀನಿ. ನಂಗೆ ನನ್ನ ಸೈಜಿಂದೇ ಕೊಡಿ. ಮತ್ತೆ ನಿಮ್ಮ ಕನ್ನಡಿ ಹಿಂದಕ್ಕೆ ವಾಲಿದೆ, ಅದ್ರಲ್ಲಿ ನೋಡಿದೋರೆಲ್ಲ ಉದ್ದ ಕಾಣ್ತಾರೆ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದರು ಮೈಕತ್ತೆ. ಕೆಳಗೆ ಟೈರಿಗೆ ಗಾಳಿ ತುಂಬುತ್ತಿದ್ದವನು ಒಮ್ಮೆ ಮೇಲೆ ನೋಡಿದ.

ಆಮೇಲೆ ಪರೀಕ್ಷೆ ಶುರುವಾಯಿತು. ಅಡಿಕೋಲು ಒಂದೊಂದು ಡ್ರೆಸ್ ಹಾಕಿಕೊಂಡು ಜಗಲಿ ಹತ್ತಿ, ಕನ್ನಡಿ ನೋಡುವ ಬದಲು ಎರಡೂ ಕೈ ಮೇಲೆತ್ತಿದಳು. ಕುರ್ಚಿಯ ಮೇಲೆ ಕೂತು ಎದ್ದಳು. ಕುಕ್ಕರುಗಾಲಲ್ಲಿ ಕೂತಳು. ಗಾಳಿಯಲ್ಲೇ ತುತ್ತು ಮಾಡಿ ಬಾಯಿಗಿಟ್ಟುಕೊಂಡಳು. 'ಮೊದಲ ಮುಂಜಾವು' ಕೈ ಎತ್ತುವಾಗಲೇ ಕೊಂಕುಳಲ್ಲಿ ಚಿಟಿಚಿಟಿ ಅಂದಿತು. 'ಮಂಜಿನ ಮೌನ' ಕೂತ ಮೇಲೆ ಏಳಲು ಬಿಡಲಿಲ್ಲ. ಅಮ್ಮ, ಮೈಕತ್ತೆ ಇಬ್ಬರೂ ಸೇರಿ ಎಬ್ಬಿಸಿದರು. 'ಆತ್ಮವಿಶ್ವಾಸ' ಜಾರಿತು. ಪಕ್ಕದ ಸೋಫಾದಲ್ಲಿ ತಮ್ಮ ಸರದಿಗೆ ಕಾದಿದ್ದ ಇನ್ನೊಂದು ಮನೆಯವರು, ಇದು ಮದುವೆಗೋ ಪೊಲೀಸ್ ಭರ್ತಿಗೋ ಅಂತ ತಿಳಿಯದೆ ಕಣ್ಣು ಕಣ್ಣು ಬಿಟ್ಟರು.

ಕೊನೆಗೆ ಮೂಲೆಯಲ್ಲಿ, ಹೆಸರೇ ಇಡದ ಒಂದು ಡ್ರೆಸ್ ಸಿಕ್ಕಿತು. ಎಳೆ ಹಸಿರು, ಪಾದದ ತನಕ ಸರಳವಾಗಿ ಇಳಿದದ್ದು. ಅಡಿಕೋಲು ಕೂತಳು, ಎದ್ದಳು, ಕೈ ಎತ್ತಿದಳು. ಎರಡು ಕಡೆಯೂ ಜೇಬಿತ್ತು. "ಇದೇ" ಎಂದಳು.

ಮೈಕತ್ತೆ ಸೋಫಾದ ಮೇಲೆ ಒರಗಿದರು. "ಇದನ್ನ ಹಾಕ್ಕೊಂಡು ನಿಂತ್ರೆ ಬಂದೋರು ನಿನ್ನ ಕೈಗೆ ಖಾಲಿ ಲೋಟ ಕೊಡ್ತಾರೆ."

ಅಮ್ಮ ಡ್ರೆಸ್ಸಿನ ಅಂಚು ಮುಟ್ಟಿ ನೋಡಿ, "ಬಟ್ಟೆ ಗಟ್ಟಿಯಾಗಿದೆ" ಎಂದರು. ಕೈ ತಪ್ಪಿಹೋದ ಆಸೆಯ ಬಗ್ಗೆ ಸಭ್ಯರು ಆಡುವ ಮಾತು ಅದು.

ಒಡತಿ ಮಾತ್ರ ಬೇಜಾರು ಮಾಡಿಕೊಳ್ಳಲಿಲ್ಲ. "ಆಯ್ತು ಚಿನ್ನ, ಹಸಿರೇ ತಗೋ. ಸುಮ್ನೆ ಒಂದು ಫೋಟೋಗೆ ಇದನ್ನ ಹಾಕ್ಕೋ. ಕೊಳ್ಳೋದೇನೂ ಬೇಡ" ಎಂದು ಒಳಗಿನಿಂದ ಎರಡು ಕೈಯಲ್ಲೂ ಮಗು ಎತ್ತಿಕೊಂಡ ಹಾಗೆ ಒಂದು ಡ್ರೆಸ್ ತಂದಳು. ಮುತ್ತಿನ ಬಣ್ಣ. ಎದೆಯ ತುಂಬ ಸಣ್ಣ ಮಣಿ. ಹಿಂದೆ ನೆಲ ಗುಡಿಸುವ ಬಾಲ, ಎಷ್ಟುದ್ದ ಅಂದರೆ, ಡ್ರೆಸ್ ಜಗಲಿಯ ಹತ್ತಿರ ಬಂದರೂ ಬಾಲ ಇನ್ನೂ ಒಳಗಿನ ಕೋಣೆಯಿಂದ ಬರುತ್ತಲೇ ಇತ್ತು.

"ಆಯ್ತು, ಇದನ್ನ ಹಾಕ್ಕೊಂಡ್ರೆ ಏನಾಗುತ್ತೆ ಅಂತ ನೀವೇ ನೋಡಿ" ಎಂದು ಅಡಿಕೋಲು ಪಾಠ ಕಲಿಸುವ ಹುರುಪಿನಲ್ಲೇ ಒಳಗೆ ಹೋದಳು.

ಹೊರಗೆ ಬಂದು ಜಗಲಿ ಹತ್ತಿದಳು. ಕೈ ಎತ್ತಲಿಲ್ಲ. ಕೂರಲೂ ಇಲ್ಲ. ಮೂರು ಕನ್ನಡಿಯಲ್ಲಿ ಮೂರು ಜನ ನಿಂತಿದ್ದರು. ಅವರಲ್ಲಿ ಯಾರನ್ನೂ ಅವಳು ಈ ಮೊದಲು ನೋಡಿರಲಿಲ್ಲ. ಒಂದು ಸಲ ಎಡಕ್ಕೆ ತಿರುಗಿದಳು, ಬಾಲ ಸರಸರ ಅಂತ ಹಿಂದೆಯೇ ಬಂತು. ಬಲಕ್ಕೆ ತಿರುಗಿದಳು, ಬಂತು. ಮೈಕತ್ತೆಯೂ ಮಾತಾಡಲಿಲ್ಲ, ಅದೇ ದೊಡ್ಡ ಸಾಕ್ಷಿ.

"ನೋಡಿದ್ರಾ?" ಎಂದಳು ಅಡಿಕೋಲು ಕೊನೆಗೆ. ದನಿ ಯಾಕೋ ಸಣ್ಣದಾಗಿತ್ತು. "ಉಸಿರಾಡೋಕೇ ಆಗ್ತಿಲ್ಲ."

"ಹಾಗಾದ್ರೆ ಬಿಚ್ಚು" ಎಂದರು ಮೈಕತ್ತೆ.

"ಬಿಚ್ತೀನಿ" ಎಂದಳು. ಎಂದು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಳು.

ಹಸಿರು ಡ್ರೆಸ್ ಕೊಂಡು ಮನೆಗೆ ಬಂದದ್ದಾಯಿತು. ಮೈಕತ್ತೆ ಬಳಗಕ್ಕೆಲ್ಲ ಫೋನು ಮಾಡಿ, ಹುಡುಗಿ ಮದುವೆಗೆ ಸೊಪ್ಪಿನ ಬಣ್ಣದ ಅಂಗಿ ಕೊಂಡಿದ್ದಾಳೆ ಎಂದು ಸಾರಿದರು. ಆಸ್ಪತ್ರೆಯಲ್ಲಿ ನರ್ಸುಗಳು ಅವಳ ಗಟ್ಟಿತನವನ್ನು ಮೆಚ್ಚಿಕೊಂಡರು. ಒಬ್ಬಳಂತೂ ಬಂದು, "ನಿಮ್ಮನ್ನ ನೋಡಿ ನಾನೂ ನನ್ನ ಮದುವೆಗೆ ಹತ್ತಿ ಬಟ್ಟೇನೇ ಅಂತ ನಿರ್ಧಾರ ಮಾಡ್ದೆ ಅಕ್ಕ" ಅಂದಳು. ಅಡಿಕೋಲು ಒಣನಗೆ ನಕ್ಕಳು.

ಯಾಕೆಂದರೆ ಅವಳಿಗೆ ಆಗಬಾರದ್ದು ಆಗಿತ್ತು. ಕಣ್ಣು ಮುಚ್ಚಿದರೆ ಬಾಲ ಸರಸರ ಅನ್ನುತ್ತಿತ್ತು. ನೆಲಮಾಳಿಗೆಯ ಓಣಿಯಲ್ಲಿ ನಡೆಯುವಾಗ, ಹಿಂದೆ ಬಾಲವಿದ್ದರೆ ಈ ತಿರುವಿನಲ್ಲಿ ಹೇಗೆ ಬರುತ್ತಿತ್ತು ಎಂದು ಲೆಕ್ಕ ಹಾಕುತ್ತಿದ್ದಳು. ಸೀಸದ ಏಪ್ರನ್ ತೊಟ್ಟುಕೊಂಡಾಗ, ಆ ಡ್ರೆಸ್ಸೂ ಹೆಚ್ಚುಕಡಿಮೆ ಇಷ್ಟೇ ಭಾರ, ನನಗೆ ಹೇಗೂ ಭಾರ ಹೊತ್ತು ಅಭ್ಯಾಸವಿದೆ ಎಂಬ ಸಮಾಧಾನ ಹೊಳೆಯಿತು. ಕೂರುವುದೇನು ಅಷ್ಟು ಮುಖ್ಯ? ದಿನವಿಡೀ ನಿಂತೇ ಕೆಲಸ ಮಾಡುವವಳಲ್ಲವೇ ತಾನು? ವಾಸ್ತವವಾದಿಗಳಿಗೆ ಹುಚ್ಚು ಹಿಡಿದರೆ ಅದಕ್ಕೂ ಅವರು ಕಾರಣ ಕೊಡುತ್ತಾರೆ. ಉಳಿದವರಿಗೂ ಅವರಿಗೂ ಇರುವ ವ್ಯತ್ಯಾಸ ಅಷ್ಟೇ.

ಒಂದು ಮಧ್ಯಾಹ್ನ, ಎದೆಯ ಎಕ್ಸ್‌ರೇಗೆ ಬಂದ ಮುದುಕರೊಬ್ಬರನ್ನು ಫಲಕಕ್ಕೆ ಒತ್ತಿ ನಿಲ್ಲಿಸಿ, "ಉಸಿರು ಎಳ್ಕೊಳ್ಳಿ, ಹಾಗೇ ಹಿಡ್ಕೊಳ್ಳಿ" ಎಂದಳು. ಗುಂಡಿ ಒತ್ತಿದಳು. ತೆರೆಯ ಮೇಲೆ ಬೆಳ್ಳಗೆ ಸಾಲಾಗಿ ಮೂಡಿದ ಪಕ್ಕೆಲುಬುಗಳು ಅವಳಿಗೆ ಮಣಿಯ ಸಾಲಿನ ಹಾಗೆ ಕಂಡವು. ನೋಡುತ್ತಾ ನಿಂತುಬಿಟ್ಟಳು.

ಆ ಕಡೆಯಿಂದ ಕಷ್ಟದ ದನಿಯೊಂದು ಬಂತು. "ಅಮ್ಮಾ... ಬಿಡ್ಲಾ?"

ಮುದುಕರು ಕೆಂಪಗಾಗಿ ಹೋಗಿದ್ದರು. ಅಡಿಕೋಲು ಅವರನ್ನು ಕೂರಿಸಿ, ನೀರು ಕೊಟ್ಟು, ಕ್ಷಮೆ ಕೇಳಿ, ಅರ್ಧ ದಿನ ರಜೆ ಹಾಕಿ, ಹಸಿರು ಡ್ರೆಸ್ಸಿನ ಉದ್ದ ಸ್ವಲ್ಪ ಕಡಿಮೆ ಮಾಡಿಸಬೇಕು ಎಂದು ತನಗೆ ತಾನೇ ಹೇಳಿಕೊಂಡು ಶೋರೂಮಿಗೆ ಹೊರಟಳು. ಹಸಿರು ಡ್ರೆಸ್ಸು ಮನೆಯ ಬೀರುವಿನಲ್ಲೇ ಇತ್ತು.

ಮೆಟ್ಟಿಲು ಹತ್ತಿ ಒಳಗೆ ಬಂದರೆ ಶೋರೂಮಿನಲ್ಲಿ ಯಾರೂ ಇರಲಿಲ್ಲ. ಟ್ರಯಲ್ ರೂಮಿನ ಪರದೆಯ ಮುಂದೆ ಒಡತಿ ಮಾತ್ರ ನಿಂತು ಒಳಗಿನವರಿಗೆ ಧೈರ್ಯ ಹೇಳುತ್ತಿದ್ದಳು. "ಗಾಬರಿ ಬೇಡಮ್ಮ, ಉಸಿರು ಬಿಡಿ, ಪೂರ್ತಿ ಬಿಡಿ."

"ಬಿಡೋಕೆ ಒಳಗೆ ಉಸಿರಿದ್ರೆ ತಾನೇ!" ಎಂದಿತು ಒಳಗಿನ ದನಿ.

ಅಡಿಕೋಲಿಗೆ ಆ ದನಿ ಹುಟ್ಟಿದಾಗಿನಿಂದ ಗೊತ್ತು. ಪರದೆ ಸರಿಸಿದಳು. ಕನ್ನಡಿಗೆ ಮುಖ ಮಾಡಿ, ಎರಡೂ ಕೈ ರೆಕ್ಕೆಯ ಹಾಗೆ ಆಚೆ ಈಚೆ ಚಾಚಿಕೊಂಡು, ಮುತ್ತಿನ ಬಣ್ಣದ ಡ್ರೆಸ್ಸಿನೊಳಗೆ ಅಮ್ಮ ನಿಂತಿದ್ದರು. ಜಿಪ್ಪು ಬೆನ್ನಿನ ಅರ್ಧಕ್ಕೆ ಬಂದು ಸಿಕ್ಕಿಹಾಕಿಕೊಂಡಿತ್ತು, ಮೇಲಕ್ಕೂ ಇಲ್ಲ ಕೆಳಕ್ಕೂ ಇಲ್ಲ. ಬಾಲ ಅವರ ಪಾದದ ಸುತ್ತ ಮುದುಡಿ ಬಿದ್ದಿತ್ತು.

ಕನ್ನಡಿಯೊಳಗೆ ಇಬ್ಬರ ಕಣ್ಣೂ ಕೂಡಿದವು.

"ನಿನ್ನ ಸಲುವಾಗಿ ಅಳತೆ ನೋಡ್ತಿದ್ದೆ" ಎಂದರು ಅಮ್ಮ.

"ನನ್ನ ಅಳತೆ ನಿನ್ನ ಮೈ ಮೇಲಾ?"

"ನೀನ್ಯಾಕೆ ಬಂದೆ? ಡ್ಯೂಟಿ ಇರ್ಲಿಲ್ವಾ?"

"ಹಸಿರು ಡ್ರೆಸ್ಸಿನ ಉದ್ದ..." ಎಂದಳು ಅಡಿಕೋಲು. ಅವಳ ಕೈಯಲ್ಲಿ ಒಂದು ಕೈಚೀಲ ಬಿಟ್ಟರೆ ಏನೂ ಇರಲಿಲ್ಲ. ಅಮ್ಮ ಅದನ್ನೂ ನೋಡಿದರು, ಅವಳ ಮುಖವನ್ನೂ ನೋಡಿದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದು ಹಳೆಯ ಕತೆ. ಇಲ್ಲಿ ಎರಡು ಬೆಕ್ಕು ಒಂದೇ ಬಟ್ಟಲಿಗೆ ಬಾಯಿಟ್ಟು ಡಿಕ್ಕಿ ಹೊಡೆದುಕೊಂಡಿದ್ದವು.

ಅಡಿಕೋಲು ಒಳಗೆ ಹೋಗಿ ಪರದೆ ಎಳೆದುಕೊಂಡಳು. ಒಬ್ಬರಿಗಾಗಿ ಮಾಡಿದ ಕೋಣೆ. ಅಮ್ಮ, ಮಗಳು, ಡ್ರೆಸ್ಸು ಮೂವರಿಗೆ ಸಾಲದು. ಅವಳು ಮಂಡಿಯೂರಿ ಜಿಪ್ಪಿಗೆ ಕೈ ಹಾಕಿದಳು.

"ಅಮ್ಮ, ನಿಂಗೆ ಇಷ್ಟೊಂದು ಇಷ್ಟ ಆಗಿದ್ರೆ ಅವತ್ತೇ ಬಾಯಿ ಬಿಟ್ಟು ಹೇಳ್ಬಾರ್ದಾ?"

"ಹೇಳಿದ್ರೆ ನಿನ್ನ ಭಾಷಣ ಕೇಳೋರ್ಯಾರು?" ಎಂದರು ಅಮ್ಮ. ಎದೆಯ ಮಣಿ ಸವರುತ್ತಾ ಹೇಳಿದರು: "ನನ್ನ ಮದುವೆಗೆ ಹೊಸದು ಹೊಲಿಸಿರ್ಲಿಲ್ಲ. ಅಕ್ಕನ ಡ್ರೆಸ್ಸೇ ನಂಗೂ. ಅವಳು ದಪ್ಪ, ನಾನು ಕಡ್ಡಿ. ಹಿಂದ್ಗಡೆ ಎಲ್ಲ ಪಿನ್ನು ಹಾಕಿ ಬಿಗಿದ್ರು. ಬೆನ್ನು ಯಾರಿಗೂ ತೋರಿಸ್ಬೇಡ ಅಂದ್ರು. ಇಡೀ ಮದುವೆ ಗೋಡೆಗೆ ಒರಗಿ ನಿಂತಿದ್ದೆ. ನಿಮ್ಮಪ್ಪನ ಕಡೆಯೋರು, ಹುಡುಗಿಗೆ ತುಂಬ ನಾಚಿಕೆ ಅಂತ ಹೊಗಳಿದ್ರು."

ಅಡಿಕೋಲಿಗೆ ನಗು ಬಂತು, ತಡೆದುಕೊಂಡಳು. "ನಂಗೂ ಹೇಳೋದಿದೆ" ಎಂದಳು. "ನಾನೂ ಇದನ್ನೇ ನೋಡೋಕೆ ಬಂದೆ. ನಂಗೆ ನಿದ್ದೆ ಬರ್ತಿಲ್ಲಮ್ಮ. ಇವತ್ತು ಒಬ್ಬ ತಾತನ ಉಸಿರು ಬಿಡಿಸೋದನ್ನೇ ಮರೆತುಬಿಟ್ಟೆ."

"ನೀನಾ?"

"ನಾನೇ."

"ರೈಲು ಬೋಗಿ?"

"ಅಮ್ಮ!"

"ಹೇಳೋದು ಆಚಾರ, ತಿನ್ನೋದು ಬದನೆಕಾಯಿ" ಎಂದು ಹೇಳಿ ಅಮ್ಮ ನಕ್ಕರು. ಅವರು ನಗುವುದು ಕಡಿಮೆ. ನಕ್ಕರೆ ಹೊಟ್ಟೆಯಿಂದ ನಗುತ್ತಿದ್ದರು. ಆ ಹೊಟ್ಟೆ ಈಗ ಡ್ರೆಸ್ಸಿನೊಳಗಿತ್ತು. ಕೊಂಕುಳಿಂದ ಸೊಂಟದವರೆಗೆ ಪರ್ರ್ ಎಂದು ಹೊಲಿಗೆ ಬಿಟ್ಟಿತು. ನಾಲ್ಕಾರು ಮಣಿ ಟಪಟಪ ಉದುರಿ ಪರದೆಯ ಕೆಳಗಿನಿಂದ ಉರುಳಿಕೊಂಡು ಒಡತಿಯ ಪಾದದ ಹತ್ತಿರ ಹೋಗಿ ನಿಂತವು.

ಇಬ್ಬರೂ ಬೆಪ್ಪಾದರು. ಜಿಪ್ಪು ಮಾತ್ರ, ತನ್ನ ಕೆಲಸ ಮುಗಿಯಿತು ಅನ್ನುವ ಹಾಗೆ, ಸಲೀಸಾಗಿ ಕೆಳಗಿಳಿಯಿತು.

ಭಾನುವಾರವಷ್ಟೇ ಒಡತಿ ಆ ಡ್ರೆಸ್ಸಿನ ಹೊಲಿಗೆ ಮೊಮ್ಮಕ್ಕಳ ಕಾಲದ ತನಕ ಬರುತ್ತದೆ ಅಂದಿದ್ದಳು. ಈಗ ಹರಿದದ್ದನ್ನು ನೋಡಿ, ಇಂಥ ಸೂಕ್ಷ್ಮ ಕೆಲಸದ ಬಟ್ಟೆಯನ್ನು ಹೂವಿನ ಹಾಗೆ ನೋಡಿಕೊಳ್ಳಬೇಕು ಎಂದಳು. "ಏನೇ ಆದ್ರೂ ಇನ್ನು ಇದು ನಿಮ್ದೇ ಅಮ್ಮ" ಎಂದು ಆಕೆ ನಕ್ಕ ನಗುವಿನಲ್ಲಿ ಅಭಿನಂದನೆಯೂ ಇತ್ತು, ಬಿಲ್ಲೂ ಇತ್ತು. ಬೆಲೆಯ ಮಾತು ಇಲ್ಲಿ ಬೇಡ. ಅಪ್ಪನಿಗೂ ಅದನ್ನು ಈವರೆಗೆ ಯಾರೂ ಹೇಳಿಲ್ಲ.

ಟ್ಯಾಕ್ಸಿಯ ಹಿಂದಿನ ಸೀಟು ಪೂರ್ತಿ ಡ್ರೆಸ್ಸಿಗೇ ಬೇಕಾಯಿತು. ಅಮ್ಮ ಮುಂದೆ ಕೂತರು, ಅಡಿಕೋಲು ಹಿಂದೆ ಅದರ ಅಡಿಯಲ್ಲಿ ಕೂತಳು. ಮನೆಯ ಬಾಗಿಲು ತೆರೆದ ಅಪ್ಪ, ಮಗಳ ತಲೆಯನ್ನೇ ಮುಚ್ಚಿದ್ದ ಆ ದೊಡ್ಡ ಮೂಟೆ ನೋಡಿ, "ಯಾರೋ ಬಂದ್ರು ನೋಡೇ" ಎಂದು ಒಳಗೆ ಕೂಗಿದರು. ಆಮೇಲೆ ಮೂಟೆಯ ಹಿಂದೆ ಹೆಂಡತಿಯೂ ನಿಂತಿರುವುದು ಕಂಡಿತು.

ಬೀದಿಯ ಕೊನೆಯ ಟೈಲರ್, ಅಮ್ಮ ಮಗಳು ಹೊತ್ತು ತಂದ ಡ್ರೆಸ್ಸನ್ನು ಮೇಜಿನ ಮೇಲೆ ಹಾಸಿ, ಎರಡೂ ಕಡೆಯಿಂದ ನೋಡಿ, "ಬಟ್ಟೆ ಸಾಲಲ್ಲ, ಮೈ ಜಾಸ್ತಿ ಇದೆ" ಎಂದ. ಇದೇ ಬಣ್ಣದ ಬಟ್ಟೆ ಬೇರೆ ಎಲ್ಲೂ ಸಿಗಲಾರದು ಎಂದೂ ಹೇಳಿದ. ಡ್ರೆಸ್ಸಿನ ಅರ್ಧ ಮೇಜಿನ ಮೇಲಿತ್ತು, ಬಾಲ ಮೇಜಿಂದ ಇಳಿದು ಬಾಗಿಲ ತನಕ ಹೋಗಿತ್ತು. ಅಡಿಕೋಲು ಬಾಲವನ್ನು ನೋಡಿದಳು. ಅದರ ತುದಿಯನ್ನು ಒಮ್ಮೆ ಕೈಗೆ ಸುತ್ತಿಕೊಂಡು, ಬಿಟ್ಟಳು. "ಬಾಲ ಕತ್ತರಿಸಿ ಪಕ್ಕಕ್ಕೆ ಪಟ್ಟಿ ಕೊಡಿ" ಎಂದಳು.

"ಪೂರ್ತಿನಾ?" ಎಂದರು ಅಮ್ಮ.

"ಒಂದು ಸ್ವಲ್ಪ ಬಿಡಿ" ಎಂದಳು ಅಡಿಕೋಲು. "ತಿರುಗಿದ್ರೆ ಸರ ಅನ್ನೋವಷ್ಟು."

ಟೈಲರ್ ಅಂಗಡಿಯಿಂದ ಡ್ರೆಸ್ ಬಂದ ದಿನ ಅಡಿಕೋಲು ಕೆಲಸ ಮುಗಿಸಿ ಮನೆಗೆ ಬಂದರೆ, ಅಡುಗೆಮನೆಯಲ್ಲಿ ಅಮ್ಮ ಅದೇ ಡ್ರೆಸ್ ತೊಟ್ಟು, ಮೇಲೊಂದು ಏಪ್ರನ್ ಕಟ್ಟಿಕೊಂಡು ಈರುಳ್ಳಿ ಹೆಚ್ಚುತ್ತಿದ್ದರು. ಮಗಳನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ.

"ಹೊಸ ಚಪ್ಪಲಿ ಇದ್ದ ಹಾಗೆ, ಮೊದ್ಲು ಕಚ್ಚುತ್ತೆ" ಎಂದರು. "ಯಾರಾದ್ರೂ ಹಾಕ್ಕೊಂಡು ಸ್ವಲ್ಪ ಸಡಿಲ ಮಾಡ್ಬೇಕು."

ನೀರು ಕುಡಿಯಲು ಬಂದ ಅಪ್ಪ ಬಾಗಿಲಲ್ಲೇ ನಿಂತರು. ಕನ್ನಡಕ ಮೇಲೇರಿಸಿ ಹೆಂಡತಿಯನ್ನು ತಲೆಯಿಂದ ಪಾದದವರೆಗೆ ನೋಡಿದರು. ನೀರು ಕುಡಿಯುವುದನ್ನು ಮರೆತು ಹೋದರು. ಸ್ವಲ್ಪ ಹೊತ್ತಿಗೆ ಮತ್ತೆ ಬಂದರು. ಈ ಸಲ ತಲೆ ಬಾಚಿಕೊಂಡಿದ್ದರು. ಅಮ್ಮ ಆ ಡ್ರೆಸ್ಸನ್ನು ಊಟವಾಗುವ ತನಕ ಸಡಿಲ ಮಾಡಿದರು.

ಮದುವೆಯ ದಿನ ಅಡಿಕೋಲು ಮುತ್ತಿನ ಬಣ್ಣದ ಡ್ರೆಸ್ಸಿನಲ್ಲಿ ಹಾಲ್‌ಗೆ ಕಾಲಿಟ್ಟಳು. ಹಸಿರು ಡ್ರೆಸ್ಸಿನಲ್ಲಿ ಅವಳ ಹಿಂದೆಯೇ ಬಂದವರು ಮೈಕತ್ತೆ. ಬೀರುವಿನಲ್ಲಿ ಸುಮ್ಮನೆ ಕೊಳೆಯುವುದು ಬೇಡ ಎಂಬ ಒಂದೇ ಕಾರಣಕ್ಕೆ ಅದನ್ನು ಒಯ್ದಿದ್ದರು. "ಆಹಾ, ಎಂಥ ಬಣ್ಣ, ಯಾರ ಆಯ್ಕೆ?" ಎಂದು ಕೇಳಿದವರಿಗೆಲ್ಲ, "ನಂದೇ. ಎಲ್ರೂ ಬೇಡ ಅಂದ್ರು, ನಾನೇ ಹಟ ಹಿಡಿದೆ" ಎಂದು ಇಡೀ ಹಾಲ್‌ಗೆ ಕೇಳುವಂತೆ ಹೇಳಿದರು. ಹೇಳುವಾಗ ಎರಡೂ ಕೈ ಜೇಬಿನಲ್ಲಿದ್ದವು.

ಅಡಿಕೋಲನ್ನು ಮಾತ್ರ ಯಾರೂ ಹೊಗಳಲಿಲ್ಲ. ಕ್ಯಾಂಟೀನಿನ ಭಾಷಣ ಕೇಳಿದ್ದ ನರ್ಸುಗಳು ಸಾಲಾಗಿ ಬಂದು ಕೈ ಕುಲುಕಿದರು. ಒಬ್ಬಳು ಡ್ರೆಸ್ಸನ್ನು ನೋಡಿ ಬಾಯಿ ತೆರೆದಳು. ಪಕ್ಕದವಳು ಅವಳನ್ನು ಮೊಣಕೈಯಿಂದ ತಿವಿದಳು. "ಕೂರೋಕೆ ಆರಾಮಾಗಿದೆಯಾ ಅಕ್ಕ?" ಎಂದಷ್ಟೇ ಕೇಳಿ ಮೊದಲನೆಯವಳು ಮುಂದೆ ಹೋದಳು. ಇನ್ನೊಬ್ಬಳು, "ಕೈ ಚೆನ್ನಾಗಿ ಎತ್ತೋಕಾಗುತ್ತಲ್ವಾ?" ಎಂದಳು. ದೊಡ್ಡ ಡಾಕ್ಟರು ಗಂಭೀರವಾಗಿ ತಲೆದೂಗಿ, "ಬಹಳ ಅನುಕೂಲಕರವಾಗಿದೆ" ಎಂದು ಊಟದ ಕಡೆ ನಡೆದರು. ಬಂದ ನೆಂಟರೆಲ್ಲ ಗಾಡಿ ನಿಲ್ಲಿಸಲು ಜಾಗವಿಲ್ಲದ ಬಗ್ಗೆ, ಊಟದಲ್ಲಿ ಉಪ್ಪು ಮುಂದಾದ ಬಗ್ಗೆ ಮಾತಾಡಿದರು. ಅಡಿಕೋಲು ಬೇಕೆಂದೇ ಎರಡು ಸಲ ತಿರುಗಿದಳು. ಬಾಲ ಸರ ಅಂದಿತು. ಯಾರೂ ಕೇಳಿಸಿಕೊಳ್ಳಲಿಲ್ಲ. ಅವಳಿಗೆ ಅಳು ಬರುವಂತಾಗಿ, ಅದನ್ನು ತಡೆಯಲು ಎರಡು ಸಲ ಊಟ ಮಾಡಿದಳು. ಪಟ್ಟಿ ಕೊಟ್ಟ ಡ್ರೆಸ್ಸು ಅದಕ್ಕೆಲ್ಲ ಅವಕಾಶ ಮಾಡಿಕೊಟ್ಟಿತು.

ಸಂಜೆ ಮದುಮಗ ಅವಳನ್ನು ಡ್ರೈವಿಂಗ್ ಸ್ಕೂಲಿನ ಕಾರಿನಲ್ಲೇ ಕರೆದುಕೊಂಡು ಹೊರಟ. ಗೆಳೆಯರು ಕಾರಿಗೆ ಹೂವು ಕಟ್ಟಿದ್ದರು, 'ಕಲಿಯುವವರು, ದೂರವಿರಿ' ಎಂಬ ಬೋರ್ಡು ತೆಗೆಯುವುದನ್ನು ಮರೆತಿದ್ದರು. ಹಿಂದಿನ ಗಾಡಿಗಳೆಲ್ಲ ಮರ್ಯಾದೆಯಿಂದ ಅಂತರ ಕಾದುಕೊಂಡು ಬಂದವು. ಅವನು ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟು, ನೇರ ಮುಂದೆ ನೋಡುತ್ತಾ, ಶಿಷ್ಯರಿಗೆ ಹೇಳಿಕೊಟ್ಟ ಹಾಗೆಯೇ ಓಡಿಸುತ್ತಿದ್ದ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದಳು.

"ಸುಸ್ತಾಯ್ತಾ?" ಎಂದು ಕೇಳಿದ.

"ಬೆಳಗ್ಗೆಯಿಂದ ನನ್ನ ಡ್ರೆಸ್ ಬಗ್ಗೆ ಒಬ್ರೂ ಒಂದು ಒಳ್ಳೆ ಮಾತು ಆಡ್ಲಿಲ್ಲ. ನೀವೂ ಆಡ್ಲಿಲ್ಲ."

ಅವನು ಗಾಬರಿಯಾದ. "ನಿಮಗೆ ಹೊಗಳಿದ್ರೆ ಆಗಲ್ಲ ಅಂತ ನಿಮ್ಮ ಸೋದರತ್ತೆ ಹೇಳಿದ್ರಲ್ಲ! ಊಟ ಹಾಕದೇ ಕಳಿಸ್ತಾಳೆ ಅಂದ್ರು. ನೀವು ಒಳಗೆ ಬಂದಾಗ ನಾನು ಏನೋ ಹೇಳೋಕೆ ಬಾಯಿ ತೆರೆದಿದ್ದೆ. ತಪ್ಪಾಗುತ್ತೇನೋ ಅಂತ ಮುಚ್ಚಿಕೊಂಡೆ."

"ಏನು ಹೇಳೋಕೆ?"

"ಚೆನ್ನಾಗಿದೆ ಅಂತ" ಎಂದ ಅವನು, ಮುಂದೆ ಹೋಗುತ್ತಿದ್ದ ಲಾರಿಯನ್ನು ನೋಡುತ್ತಾ.

ಅಡಿಕೋಲು ಕಾಲ ಕೆಳಗೆ ನೋಡಿದಳು. ಮೇಷ್ಟ್ರು ಕೂರುವ ಸೀಟು ಅದು. ಶಿಷ್ಯರು ತಪ್ಪು ಮಾಡಿದರೆ ಒತ್ತಲೆಂದು ಅಲ್ಲೂ ಒಂದು ಬ್ರೇಕಿತ್ತು. ಅವಳು ಡ್ರೆಸ್ಸಿನ ಅಂಚು ಎತ್ತಿ ಹಿಡಿದು, ಮೆಲ್ಲಗೆ, ಪೂರ್ತಿಯಾಗಿ ಅದನ್ನು ಒತ್ತಿದಳು. ಕಾರು ರಸ್ತೆಯ ನಡುವೆ ನಿಂತಿತು.

"ಲಾರಿ ನೋಡ್ಕೊಂಡಲ್ಲ" ಎಂದಳು. "ಇಲ್ಲಿ ನೋಡ್ಕೊಂಡು ಹೇಳಿ."

ಹಿಂದಿನ ಗಾಡಿಯವನು ಹಾರನ್ ಒತ್ತಿದ, ಅವನ ಹಿಂದಿನವನೂ ಒತ್ತಿದ. ಮೇಷ್ಟ್ರು ತಿರುಗಿ ನೋಡಿದ. ಮೊದಲು ಅವಳ ಮುಖ, ಆಮೇಲೆ ಮಣಿ, ಆಮೇಲೆ ಸೀಟಿನಿಂದ ಗೇರಿನ ತನಕ ಹರಡಿದ್ದ ಮುತ್ತಿನ ಬಣ್ಣ. ಹೇಳಲು ಅವನು ಸಾಕಷ್ಟು ಸಮಯ ತೆಗೆದುಕೊಂಡ. ಹಾರನ್‌ಗಳ ಗದ್ದಲದಲ್ಲಿ ಕೇಳಿಸದ ಮಾತುಗಳನ್ನೆಲ್ಲ ಅವಳು ಮತ್ತೊಮ್ಮೆ ಹೇಳಿಸಿದಳು.